ಮೂರು ಊರು ಹೂಂ ಅನ್ನಬೇಕು

ಅವರು ತೀರಿಕೊಂಡ ಸುದ್ದಿ ನನಗೆ ಮೊದಲು ಬಂದದ್ದು ಚನ್ನರಾಯಪಟ್ಟಣದಿಂದ. ಬೆಳಿಗ್ಗೆ ಎಂಟು ಗಂಟೆಗೆ ನಾಗರಾಜ ಫೋನ್ ಮಾಡಿ, "ಅಕ್ಕ, ಮಾಸ್ಟ್ರು ಓಗ್ಬುಟ್ರಂತೆ" ಅಂದ. "ಯಾರು ಹೇಳಿದ್ದು?" ಎಂದು ಕೇಳಿದೆ. ಅವನು, "ನೀವು ಇಂಗೇ ಕೇಳ್ತೀರಿ ಅಂತ ಗೊತ್ತಿತ್ತು" ಅಂದ. ಫೋನಿಟ್ಟು ಹೊಳೆನರಸೀಪುರದ ಪುಟ್ಟಸ್ವಾಮಿಗೆ ಮಾಡಿದೆ. ಅವನು ಅಳುತ್ತಿದ್ದ. ಅರಕಲಗೂಡಿನ ರತ್ನಮ್ಮ ಫೋನ್ ಎತ್ತಿದವಳೇ, "ದಿಟ ಕಣ್ ಮೇಡಂ, ಕೊಣನೂರಿಗೆ, ಅವ್ರ ಮನೇಗೆ ಒಂಟಿದೀನಿ" ಅಂದಳು. ಮೂರು ಊರೂ ಹೂಂ ಅಂದ ಮೇಲೆ ನಾನು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಅತ್ತೆ. ಸಾವಿನ ಸುದ್ದಿಯನ್ನೂ ತಾಳೆ ನೋಡಿ ಅಳುವ ಹೆಂಡತಿಯನ್ನು ನನ್ನ ಗಂಡ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

ಈ ಚಾಳಿ ಅಂಟಿಸಿದವರು ಅವರೇ.

ಹಾಸನದ ಒಂದು ಟ್ರಸ್ಟು ನಡೆಸುವ ರಕ್ತನಿಧಿಗೆ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಮೂರು ಪುಟ್ಟ ಶಾಖೆಗಳಿವೆ. ಶಾಖೆ ಎಂದರೆ ಒಂದು ಕೋಣೆ, ರಕ್ತದ ಚೀಲಗಳನ್ನಿಡುವ ಗಾಜಿನ ಬಾಗಿಲಿನ ಫ್ರಿಜ್ಜು, ಒಂದು ಕಂಪ್ಯೂಟರು, ನಾಗರಾಜ, ಪುಟ್ಟಸ್ವಾಮಿ, ರತ್ನಮ್ಮರಂಥ ಒಬ್ಬ ಟೆಕ್ನಿಷಿಯನ್ನು. ಯಾವ ಊರಿನಲ್ಲಿ ಯಾವ ಗುಂಪಿನ ರಕ್ತ ಇದೆ, ಯಾವ ಚೀಲ ಯಾರ ಹೆಸರಿಗೆ ಇಟ್ಟಿದೆ, ಯಾವುದನ್ನು ಕೊಡಬಾರದು, ಇಷ್ಟನ್ನೂ ಹಾಸನವೂ ಸೇರಿ ನಾಲ್ಕು ಊರಿನ ಕಂಪ್ಯೂಟರುಗಳು ಒಂದೇ ಸಮನಾಗಿ ತಿಳಿದಿರುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ಆ ಪ್ರೋಗ್ರಾಮು ಬರೆದವಳೂ ನಾನೇ. ಅವರು ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರಾಗಿ ನಿವೃತ್ತರಾಗಿ, ಕೊಣನೂರಿನ ಮನೆಯಲ್ಲಿ ಕೂತು ಬೇಸತ್ತು, ನಮ್ಮಲ್ಲಿ ಸಂಯೋಜಕರಾಗಿ ಸೇರಿಕೊಂಡವರು. ಎಲ್ಲರೂ ಮಾಸ್ಟ್ರು ಎಂದೇ ಕರೆಯುತ್ತಿದ್ದೆವು. ಕಂಪ್ಯೂಟರನ್ನು ಆನ್ ಮಾಡುವುದು ಅವರಿಗೆ ಬರುತ್ತಿತ್ತು, ಆಫ್ ಮಾಡುವುದು ಬರುತ್ತಿರಲಿಲ್ಲ. ನನ್ನ ಕೆಲಸದಲ್ಲಿ ಹುಳುಕು ಹುಡುಕುವುದು ಮಾತ್ರ ಚೆನ್ನಾಗಿ ಬರುತ್ತಿತ್ತು.

ಸಣಕಲು ಆಳು. ಎಡ ಮಂಡಿಯಲ್ಲಿ ನೋವು, ಹಾಗಾಗಿ ಮೆಟ್ಟಿಲನ್ನು ಒಂದೊಂದೇ ಇಳಿಯುತ್ತಿದ್ದರು. ಮಾತಾಡುವ ಮೊದಲು ಬೆರಳ ಗೆಣ್ಣಿನಿಂದ ಮೇಜನ್ನು ಎರಡು ಸಲ ಕುಟ್ಟುತ್ತಿದ್ದರು. ಯಾರು ಏನು ಹೇಳಿದರೂ ಅದನ್ನು ವಾಪಸ್ ಹೇಳುವುದು, ತಾವು ಹೇಳಿದ್ದನ್ನು ವಾಪಸ್ ಹೇಳಿಸುವುದು ಅವರ ಅಭ್ಯಾಸ. ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ, "ಎರಡು ಕಾಫಿ, ಒಂದಕ್ಕೆ ಸಕ್ಕರೆ ಬೇಡ. ಏನು ಹೇಳ್ದೆ?" ಎಂದು ಕೇಳುತ್ತಿದ್ದರು. ಮಾಣಿ ಮೊದಮೊದಲು ರೇಗುತ್ತಿದ್ದವನು ಆಮೇಲೆ ಅವರನ್ನು ದೂರದಲ್ಲಿ ಕಂಡ ಕೂಡಲೇ, "ಎರಡು ಕಾಫಿ, ಒಂದು ಸಕ್ಕರೆ ಇಲ್ದೆ, ಸರಿನಾ ಸಾ?" ಎಂದು ತಾನೇ ಶುರುಮಾಡುತ್ತಿದ್ದ. ಅವರ ಟೇಬಲ್ಲಿಗೆ ಎಂದೂ ತಪ್ಪು ಕಾಫಿ ಬಂದದ್ದನ್ನು ನಾನು ನೋಡಲಿಲ್ಲ.

ನಮ್ಮ ಮೊದಲ ಜಗಳ ಹೊಳೆನರಸೀಪುರದ ಒಂದು ಚೀಲದ ವಿಷಯದಲ್ಲಿ ಆಯಿತು.

ನಾನು ಮೊದಲು ಬರೆದ ಪ್ರೋಗ್ರಾಮು ಬಲು ಧಾರಾಳಿ. ಊರೂರಿನ ನಡುವೆ ಸಂಪರ್ಕ ಕಡಿದರೂ ಯಾರೂ ಕೆಲಸ ನಿಲ್ಲಿಸಬೇಕಾಗಿರಲಿಲ್ಲ. ಪ್ರತಿಯೊಂದು ಊರೂ ತನ್ನ ಹತ್ತಿರ ಇದ್ದ ಪಟ್ಟಿಯನ್ನು ನೋಡಿ ಚೀಲ ಕೊಡುವುದು, ಸಂಪರ್ಕ ಬಂದ ಮೇಲೆ ಮಿಕ್ಕವರಿಗೆ ತಿಳಿಸುವುದು. ಒಂದು ದಿನ ಹೀಗೆ ಸಂಪರ್ಕ ಹೋದಾಗ, ಹೊಳೆನರಸೀಪುರದಲ್ಲಿದ್ದ ಒಂದೇ ಒಂದು ಎಬಿ ನೆಗೆಟಿವ್ ಚೀಲವನ್ನು ಚನ್ನರಾಯಪಟ್ಟಣದ ಕಂಪ್ಯೂಟರು ಅಲ್ಲಿಯ ರೋಗಿಯೊಬ್ಬರ ಹೆಸರಿಗೆ ಬರೆಯಿತು. ಅದೇ ಚೀಲವನ್ನು ಪುಟ್ಟಸ್ವಾಮಿ ತನ್ನ ಊರಿನ ರೋಗಿಗೆ ಕೊಟ್ಟುಬಿಟ್ಟ. ಸಂಪರ್ಕ ಇಲ್ಲವೆಂದು ಅವನಿಗೆ ಗೊತ್ತಿತ್ತು. ಯಾರಿಗೂ ಒಂದು ಫೋನ್ ಮಾಡಿ ಕೇಳಲಿಲ್ಲ. ಚನ್ನರಾಯಪಟ್ಟಣದಿಂದ ಕಾರು ಮಾಡಿಕೊಂಡು ಬಂದ ಆ ರೋಗಿಯ ಅಣ್ಣ ಖಾಲಿ ಫ್ರಿಜ್ಜು ನೋಡಿ ಮೆಟ್ಟಿಲ ಮೇಲೆಯೇ ಕುಸಿದು ಕೂತನಂತೆ. ಮೈಸೂರಿನಿಂದ ಹೇಗೋ ರಕ್ತ ತರಿಸಿ ರೋಗಿ ಉಳಿದರು. ಉಳಿದದ್ದು ನಮ್ಮ ಅದೃಷ್ಟ, ನನ್ನ ಜಾಣತನವಲ್ಲ.

ಮಾರನೆಯ ದಿನ ಅವರು ನನ್ನ ಕೋಣೆಗೆ ಬಂದು ಮೇಜು ಕುಟ್ಟಿ, ಒಂದು ಹಾಳೆಯ ಮೇಲೆ ಉದ್ದಕ್ಕೆ ಗೆರೆ ಎಳೆದರು.

"ಇದು ರೈಲಿಂದು, ಒಂದೇ ಅಳಿ. ಈ ಕಡೆ ಒಂದು ಸ್ಟೇಷನ್ನು, ಆ ಕಡೆ ಒಂದು ಸ್ಟೇಷನ್ನು. ಈ ಕಡೆಯವ್ನು ಅಳಿ ಖಾಲಿ ಐತೆ ಅಂತ ಗಾಡಿ ಬಿಟ್ಟ. ಆ ಕಡೆಯವ್ನೂ ಖಾಲಿ ಐತೆ ಅಂತ ಬಿಟ್ಟ. ಇಬ್ರೂ ಸುಳ್ಳು ಯೋಳ್ಲಿಲ್ಲ ಕಣವ್ವ. ಇಬ್ರೂ ನೋಡ್ದಾಗ ಖಾಲಿನೇ ಇತ್ತು. ಆಮೇಲೆ ಏನಾಯ್ತು?"

"ಸರ್, ನಾವು ರೈಲು ಓಡಿಸ್ತಾ ಇಲ್ಲ" ಎಂದೆ. ನನಗೆ ಆಗ ಮೂಗಿನ ತುದಿಯಲ್ಲೇ ಕೋಪ, ಈಗಲೂ ಅಲ್ಲೇ ಇದೆ.

"ಇಲ್ಲ. ರೈಲಾದ್ರೆ ಸೀಟಿ ಆದ್ರೂ ಕೇಳ್ತದೆ" ಅಂದರು.

ಮೂರು ವಾರ ಜಗಳವಾಡಿ ಒಂದು ನಿಯಮಕ್ಕೆ ಬಂದೆವು. ನಾಲ್ಕು ಊರಿನಲ್ಲಿ ಮೂರು ಊರು ಬರೆದುಕೊಂಡರೆ ಮಾತ್ರ ಅದು ಆದ ಕೆಲಸ. ಮೂರಕ್ಕಿಂತ ಕಡಿಮೆ ಇದ್ದರೆ ಇನ್ನೂ ಆಗಿಲ್ಲ ಎಂದೇ ಲೆಕ್ಕ. ನಾನು ಇದನ್ನು ದಪ್ಪ ದಪ್ಪ ಪುಸ್ತಕಗಳಲ್ಲಿ ಓದಿದ್ದೆ, ನಮ್ಮ ಊರಿಗೆ ಇಷ್ಟೆಲ್ಲ ಯಾಕೆ ಎಂದು ಬಿಟ್ಟಿದ್ದೆ. ಅವರು ಬೆರಳು ಮಡಚಿ ಲೆಕ್ಕ ಹಾಕಿದರು. "ನಾಲ್ಕೂ ಹೂಂ ಅನ್ಲಿ ಅಂದ್ರೆ ಒಂದೂರು ಮಲಗಿದ್ರೆ ಎಲ್ಲಾ ನಿಂತೋಯ್ತದೆ. ಎರಡು ಸಾಕು ಅಂದ್ರೆ ಆ ಕಡೆ ಎರಡು ಒಂದು ಮಾತು, ಈ ಕಡೆ ಎರಡು ಇನ್ನೊಂದು ಮಾತು. ಮೂರು ಅಂದ್ರೆ, ಯಾವ ಮೂರು ಸೇರಿದ್ರೂ ಮೊದ್ಲಿನ ಮಾತು ಕೇಳ್ದೋನು ಒಬ್ಬ ಆದ್ರೂ ಒಳಗೆ ಇರ್ತಾನೆ."

ಒಂಟಿಯಾದ ಊರಿನ ಕಂಪ್ಯೂಟರು ಏನು ಹೇಳಬೇಕು ಎಂಬುದಕ್ಕೆ ಇನ್ನೊಂದು ಜಗಳ. ನಾನು "ಸಂಪರ್ಕದಲ್ಲಿ ದೋಷ, ದಯವಿಟ್ಟು ಮತ್ತೆ ಪ್ರಯತ್ನಿಸಿ" ಎಂದು ಬರೆದಿದ್ದೆ. ಅವರು ಅದನ್ನು ಓದಿ, "ಇದು ನುಣುಚಿಕೊಳ್ಳೋ ಮಾತು. ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ಲಿ" ಅಂದರು. ಅಂದಿನಿಂದ ನಮ್ಮ ಕಂಪ್ಯೂಟರುಗಳು ಸಂಪರ್ಕ ಕಡಿದಾಗ ಪರದೆಯ ನಡುವೆ ದಪ್ಪಕ್ಷರದಲ್ಲಿ "ನನಗೆ ಗೊತ್ತಿಲ್ಲ" ಎನ್ನುತ್ತವೆ. ಡಾಕ್ಟರುಗಳು ಇದನ್ನು ನೋಡಿ ನಕ್ಕದ್ದೂ ಉಂಟು, ಬೈದದ್ದೂ ಉಂಟು.

ಕಂಪ್ಯೂಟರಿಗೆ ಗೊತ್ತಿಲ್ಲದಿದ್ದರೂ ಫೋನಿದ್ದರೆ ಒಂದು ದಾರಿ ಇತ್ತು. ಅದು ಅವರು ರೈಲ್ವೆಯಿಂದ ತಂದದ್ದು. ಪ್ರತಿ ಊರಿಗೂ ತಮ್ಮ ಕೈಯಿಂದ ಬರೆದ ಎರಡಂಕಿ ನಂಬರುಗಳ ಒಂದು ಚೀಟಿಯನ್ನು ಲಕೋಟೆಯಲ್ಲಿಟ್ಟು ಕೊಟ್ಟಿದ್ದರು. ಅರಕಲಗೂಡಿಗೆ ಚೀಲ ಬೇಕಾಗಿ ಅಲ್ಲಿನ ಪರದೆ ಗೊತ್ತಿಲ್ಲ ಎಂದರೆ, ರತ್ನಮ್ಮ ಇನ್ನೆರಡು ಊರಿಗೆ ಫೋನ್ ಮಾಡಬೇಕು. ಆ ಊರಿನವರು ತಮ್ಮ ಪರದೆ ನೋಡಿ, ಕೊಡಬಹುದು ಎಂದಾದರೆ ತಮ್ಮ ಚೀಟಿಯ ಮುಂದಿನ ನಂಬರು ಹೇಳಿ ಅದನ್ನು ಹೊಡೆದುಹಾಕಬೇಕು. ಇವಳು ವಾಪಸ್ ಹೇಳಿ ರಿಜಿಸ್ಟರಿನಲ್ಲಿ ಬರೆದುಕೊಳ್ಳಬೇಕು. ಆ ನಂಬರಿಗೆ ಬೇರೆ ಅರ್ಥವೇನೂ ಇಲ್ಲ. ಒಬ್ಬ ಮನುಷ್ಯ ನಿಜವಾಗಿ ನೋಡಿ, ನಿಜವಾಗಿ ಹೂಂ ಅಂದ ಎಂಬುದಕ್ಕೆ ಅದೊಂದು ಗುರುತು.

ಫೋನೂ ಇಲ್ಲದಿದ್ದರೆ? ಎಂದು ನಾನು ಕೊಂಕು ತೆಗೆದೆ.

"ಆಗ ಯಾರಾದ್ರೂ ಎದ್ದು ಒರಡ್ಬೇಕು" ಅಂದರು. "ಸದ್ದಿಲ್ಲ ಅಂದ್ರೆ ಆ ಊರು ಸತ್ತಿದೆ ಅಂತಲ್ಲ, ಸುಖವಾಗಿದೆ ಅಂತಲೂ ಅಲ್ಲ. ನಮಗೆ ಕೇಳ್ತಿಲ್ಲ ಅಂತ, ಅಷ್ಟೆ."

ಎಲ್ಲ ಮುಗಿದ ಮೇಲೆ, ಕಾಫಿ ಕುಡಿಯುತ್ತಾ, "ಇದರೊಳಗೆ ಕಳ್ಳ ಬಾಗ್ಲು ಏನಾದ್ರೂ ಇಟ್ಟಿದೀಯೇನವ್ವ?" ಎಂದು ಕೇಳಿದರು.

"ಇಲ್ಲ ಸರ್" ಎಂದೆ.

ಇತ್ತು. ನನ್ನೊಬ್ಬಳಿಗೇ ಗೊತ್ತಿದ್ದ ಒಂದು ಪಾಸ್‌ವರ್ಡು ಹಾಕಿದರೆ, ಒಂಟಿಯಾದ ಊರೂ ಮಿಕ್ಕವರನ್ನು ಕೇಳದೆ ಚೀಲ ಬಿಡುತ್ತಿತ್ತು. ಬರೆದವಳಿಗೆ ಅಷ್ಟು ಹಕ್ಕು ಬೇಡವೇ ಎಂದುಕೊಂಡಿದ್ದೆ.

ಒಂದು ಭಾನುವಾರ ನಾನು ಅರಕಲಗೂಡಿನಲ್ಲಿದ್ದೆ. ಮಳೆಗಾಲ. ಶಾಖೆಯ ಯುಪಿಎಸ್ಸಿನ ಬ್ಯಾಟರಿ ಕೈಕೊಟ್ಟಿತ್ತು, ಬದಲಾಯಿಸಲು ಬಸ್ಸಿನಲ್ಲಿ ಹೋಗಿದ್ದೆ. ರತ್ನಮ್ಮ ಮನೆಯಿಂದ ತಂದ ಅನ್ನ ಸಾರು ಹಂಚಿಕೊಂಡು ತಿಂದೆವು. ಎರಡು ಗಂಟೆಯ ಹೊತ್ತಿಗೆ ಪರದೆಯ ಮೇಲೆ "ನನಗೆ ಗೊತ್ತಿಲ್ಲ" ಎಂದು ಬಂತು. ಫೋನ್ ತೆಗೆದರೆ ಅದರಲ್ಲೂ ಸಿಗ್ನಲ್ ಇಲ್ಲ. ಗೊರೂರು ರಸ್ತೆಯಲ್ಲಿ ಜೆಸಿಬಿಯೊಂದು ಕೇಬಲ್ ಕಿತ್ತಿತ್ತು ಎಂಬುದು ನಮಗೆ ಗೊತ್ತಾದದ್ದು ಸಂಜೆ.

ಹತ್ತು ನಿಮಿಷವೂ ಆಗಿರಲಿಲ್ಲ, ಎದುರಿನ ನರ್ಸಿಂಗ್ ಹೋಮಿನ ಡಾಕ್ಟರು ತಾವೇ ರಸ್ತೆ ದಾಟಿ ಬಂದರು. ಕೈಯಲ್ಲಿ ಒಂದು ರಕ್ತದ ಸ್ಯಾಂಪಲ್ಲು. ಹೆರಿಗೆಯಾದ ಹೆಂಗಸಿಗೆ ರಕ್ತಸ್ರಾವ ನಿಲ್ಲುತ್ತಿಲ್ಲ, ಗುಂಪು ಬಿ ನೆಗೆಟಿವ್. ನಮ್ಮ ಫ್ರಿಜ್ಜಿನಲ್ಲಿ ಬಿ ನೆಗೆಟಿವ್ ಒಂದೇ ಒಂದು ಚೀಲ ಇತ್ತು. ರುದ್ರಪಟ್ಟಣದ ಸಂಗೀತೋತ್ಸವದ ದಿನ ಅಲ್ಲಿ ಮಾಡಿದ್ದ ಶಿಬಿರದಲ್ಲಿ ಯಾರೋ ಕೊಟ್ಟದ್ದು.

"ಹೊಂದುತ್ತಾ ನೋಡ್ತಿರಿ, ಅಷ್ಟರಲ್ಲಿ ನಂಬರ್ ತರಿಸ್ಕೊಳ್ಳಿ" ಅಂದರು ಡಾಕ್ಟರು. ಅವರಿಗೂ ನಮ್ಮ ಪದ್ಧತಿ ಅಭ್ಯಾಸವಾಗಿತ್ತು. "ನಂಬರ್ ಸಿಗಲ್ಲ ಅಂದ್ರೆ ಈಗಲೇ ಹೇಳ್ಬಿಡಿ. ಆಂಬುಲೆನ್ಸ್ ನಿಂತಿದೆ. ದಾರೀಲಿ ಕಷ್ಟ ಇದೆ, ಆದ್ರೂ ಹಾಸನಕ್ಕೆ ಕಳಿಸೋ ಯೋಚನೆ ಮಾಡ್ಬೇಕಾಗುತ್ತೆ."

ರತ್ನಮ್ಮ ಪರೀಕ್ಷೆಗೆ ಕೂತಳು. ಕೂರುವ ಮೊದಲು ಗೊತ್ತಿದ್ದ ಆಟೋದವರೊಬ್ಬರನ್ನು ಕರೆದು, ಚೀಲದ ನಂಬರು ಬರೆದ ಕಾಗದ ಕೊಟ್ಟು, "ಕೊಣನೂರು ಕಡೆ ಓಗಿ, ಸಿಗ್ನಲ್ ಎಲ್ಲಿ ಸಿಕ್ತದೋ ಅಲ್ಲಿಂದ ಹಾಸನಕ್ಕೆ ಫೋನ್ ಮಾಡಿ, ಇದನ್ನ ಕೊಡ್ಬಹುದಾ ಕೇಳ್ಕೊಂಡು ಬನ್ನಿ" ಎಂದು ಕಳಿಸಿದಳು. ಮಾಸ್ಟ್ರು ಹೇಳಿಕೊಟ್ಟಿದ್ದರಲ್ಲಿ ಒಂದನ್ನೂ ಅವಳು ಬಿಡಲಿಲ್ಲ.

ಅರ್ಧ ಗಂಟೆಯಾಯಿತು. ಆಟೋ ಬರಲಿಲ್ಲ. ಪರೀಕ್ಷೆ ಮುಗಿದು ಚೀಲ ಹೊಂದುತ್ತದೆ ಎಂದಾಯಿತು. ಬಾಣಂತಿಯ ತಾಯಿ ನಮ್ಮ ಬಾಗಿಲಿಗೆ ಬಂದು ನಿಂತಿದ್ದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು.

"ಒಂದು ಚೀಲ ಐತಂತಲ್ಲವ್ವ. ಅಗೋ ಕಾಣ್ತದಲ್ಲ. ಯಾರನ್ನ ಕೇಳ್ಬೇಕು ನೀವು?"

ಗಾಜಿನ ಹಿಂದೆ ಚೀಲ ಇದೆ, ರಸ್ತೆಯ ಆಚೆ ಹೆಂಗಸು ಇದ್ದಾಳೆ, ನಡುವೆ ನಾನೇ ಬರೆದ ನಿಯಮ. ಆಂಬುಲೆನ್ಸಿನಲ್ಲಿ, ಆ ಗುಂಡಿ ರಸ್ತೆಯಲ್ಲಿ ಅವಳು ಉಳಿಯುವುದಿಲ್ಲ ಎಂದು ನನ್ನ ಮನಸ್ಸು ತೀರ್ಮಾನ ಮಾಡಿಬಿಟ್ಟಿತು. ನಾನು ಡಾಕ್ಟರಲ್ಲ. ಆದರೂ ತೀರ್ಮಾನ ಮಾಡಿದೆ. ಕೀಬೋರ್ಡು ಎಳೆದುಕೊಂಡು ಪಾಸ್‌ವರ್ಡು ಹಾಕಿದೆ. ಪರದೆ ಒಮ್ಮೆ ಮಿನುಗಿ, ಚೀಲ ಲಭ್ಯವಿದೆ, ಕೊಡಬಹುದು ಎಂದಿತು.

ರತ್ನಮ್ಮ ಪರದೆ ನೋಡಿದಳು. ಚೀಲ ತೆಗೆದು ಮೇಜಿನ ಮೇಲಿಟ್ಟಳು. ಆಮೇಲೆ ರಿಜಿಸ್ಟರು ಬಿಚ್ಚಿ ಪೆನ್ನು ಹಿಡಿದು ಕೂತಳು.

"ನಂಬರು ಮೇಡಂ?"

"ಕಂಪ್ಯೂಟರೇ ಹೇಳ್ತಿದೆಯಲ್ಲ ರತ್ನಮ್ಮ."

"ಅದು ಈಗ ತಾನೆ ಗೊತ್ತಿಲ್ಲ ಅಂತಿತ್ತು. ಎರಡು ಊರಿನ ನಂಬರ್ ಬರೀದೆ ನಾನು ಚೀಲ ಕೈಗೆ ಕೊಡಾಕಿಲ್ಲ. ಮಾಸ್ಟ್ರಿಗೆ ಮಾತು ಕೊಟ್ಟಿದೀನಿ."

ಸಿಟ್ಟು ನೆತ್ತಿಗೇರಿತು. ನನ್ನ ಫೋನ್ ಬೇರೆ ಕಂಪನಿಯದು, ರಸ್ತೆಯಲ್ಲಿ ಸಿಗ್ನಲ್ ಸಿಗಬಹುದು ಎಂದು ಹೇಳಿ ಹೊರಗೆ ಹೋದೆ. ಸಣ್ಣಗೆ ಹನಿಯುತ್ತಿತ್ತು. ಫೋನನ್ನು ಕಿವಿಗೆ ಒತ್ತಿಕೊಂಡು ನಿಂತೆ. ಅದರಲ್ಲಿ ಏನೂ ಇರಲಿಲ್ಲ. ಯಾರೊಂದಿಗೋ ಮಾತಾಡುವವಳ ಹಾಗೆ ತಲೆ ಆಡಿಸಿದೆ. ಎರಡು ನಿಮಿಷ ಕಳೆದು ಒಳಗೆ ಬಂದೆ.

"ಹಾಸನ ನಲವತ್ತೇಳು. ಚನ್ನರಾಯಪಟ್ಟಣ ಎಂಬತ್ತಮೂರು."

ರತ್ನಮ್ಮ ನನ್ನ ಮುಖ ನೋಡಿದಳು. "ಹಾಸನ ನಲವತ್ತೇಳು, ಚನ್ನರಾಯಪಟ್ಟಣ ಎಂಬತ್ಮೂರು. ಸರಿನಾ ಮೇಡಂ?"

"ಸರಿ."

ಒಂದು ಸುಳ್ಳನ್ನು ಎರಡು ಸಲ ಹೇಳಿಸುವ ಪದ್ಧತಿ ಅದು. ಅವಳು ಬರೆದುಕೊಂಡು ಚೀಲವನ್ನು ನರ್ಸಿಂಗ್ ಹೋಮಿನಿಂದ ಬಂದಿದ್ದ ನರ್ಸಿನ ಕೈಗೆ ಕೊಟ್ಟಳು. ತಾಯಿ ನರ್ಸಿನ ಹಿಂದೆ ಓಡಿದಳು. ನಾನು ಕುರ್ಚಿಯಲ್ಲಿ ಕೂತು ಒಂದು ಜೀವ ಉಳಿಸಿದೆ ಎಂದುಕೊಂಡೆ.

ಏಳೆಂಟು ನಿಮಿಷ ಆಗಿರಬೇಕು. ಬಾಗಿಲ ಮುಂದೆ ಹಾಸನದ ನಮ್ಮ ಕಾರು ನಿಂತಿತು. ಮಾಸ್ಟ್ರು ಇಳಿದರು, ಕೈಯಲ್ಲಿ ಐಸಿನ ಡಬ್ಬಿ. ಒಳಗೆ ಬಂದವರು ಮೇಜು ಕುಟ್ಟಲಿಲ್ಲ.

"ಬಿ ನೆಗೆಟಿವ್ ಚೀಲ ಎಲ್ಲಿ?"

ರತ್ನಮ್ಮ ರಿಜಿಸ್ಟರನ್ನು ಅವರ ಕಡೆ ತಿರುಗಿಸಿದಳು. ಅವರು ಎರಡು ನಂಬರುಗಳ ಮೇಲೆ ಬೆರಳಿಟ್ಟು ಓದಿದರು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು.

"ಹಾಸನದಿಂದ ನಂಬರ್ ಕೊಟ್ಟೋರು ಯಾರು?"

ನಾನು ರಿಜಿಸ್ಟರಿನ ಕಡೆ ನೋಡಿದೆ. ಅವರು ಎರಡನೆಯ ಸಲ ಕೇಳಲಿಲ್ಲ. ಡಬ್ಬಿಯನ್ನು ರತ್ನಮ್ಮನ ಕೈಗಿತ್ತು ಓಡಿದರು. ಮೆಟ್ಟಿಲನ್ನು ಒಂದೊಂದೇ ಇಳಿಯುವ ಮನುಷ್ಯ ಮೂರು ಮೆಟ್ಟಿಲನ್ನು ಒಂದೇ ಸಲಕ್ಕೆ ಹಾರಿ, ರಸ್ತೆಗೆ ಅಡ್ಡವಾಗಿ, ಬಸ್ಸಿನ ಮುಂದೆಯೇ ಓಡಿದರು. ನಾನು ಹಿಂದೆ ಓಡಿದೆ. ಯಾಕೆ ಎಂದು ನನಗೆ ಗೊತ್ತಿರಲಿಲ್ಲ, ಏನೋ ಕೆಟ್ಟದ್ದು ಎಂಬುದಷ್ಟೇ ಗೊತ್ತಾಗಿತ್ತು.

ವಾರ್ಡಿನಲ್ಲಿ ಚೀಲವನ್ನು ಸ್ಟ್ಯಾಂಡಿಗೆ ತೂಗುಹಾಕಿದ್ದರು. ಕೊಳವೆಯಲ್ಲಿ ರಕ್ತ ತುದಿಯವರೆಗೆ ಇಳಿದಿತ್ತು. ನರ್ಸು ಅದನ್ನು ಸೂಜಿಗೆ ಸಿಕ್ಕಿಸಲು ಬಾಣಂತಿಯ ಕೈ ಹಿಡಿದುಕೊಂಡಿದ್ದಳು.

"ತಡೀರಿ. ಆ ಚೀಲ ಬೇಡ" ಅಂದರು ಅವರು. ದನಿ ಏರಿಸಲಿಲ್ಲ. ನರ್ಸಿನ ಕೈ ಅಲ್ಲೇ ನಿಂತಿತು.

ಡಾಕ್ಟರಿಗೆ ಅವರು ಏದುಸಿರಿನ ನಡುವೆ ಹೇಳಿದ್ದು ಇಷ್ಟು. ರುದ್ರಪಟ್ಟಣದಲ್ಲಿ ಆ ರಕ್ತ ಕೊಟ್ಟಾತ ಅಂದು ಮಧ್ಯಾಹ್ನ ಹಾಸನಕ್ಕೆ ಫೋನ್ ಮಾಡಿದ್ದ. ತನಗೆ ಕಾಮಾಲೆ ಎಂದು ಗೊತ್ತಾಗಿದೆ, ತನ್ನ ರಕ್ತವನ್ನು ಯಾರಿಗೂ ಕೊಡಬೇಡಿ ಎಂದಿದ್ದ. ನಮ್ಮ ಪರೀಕ್ಷೆಯಲ್ಲಿ ಅದು ಸಿಕ್ಕಿರಲಿಲ್ಲ. ಶುರುವಿನಲ್ಲಿ ಕೆಲವೊಮ್ಮೆ ಸಿಗುವುದಿಲ್ಲ. ಕೊಡಬಾರದು ಎಂದು ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣ ಮೂರೂ ಬರೆದುಕೊಂಡಿದ್ದವು. ಕೇಬಲ್ ಕಡಿದ ಅರಕಲಗೂಡಿಗೆ ಆ ಮಾತು ಮುಟ್ಟಿರಲಿಲ್ಲ.

ಡಬ್ಬಿಯಲ್ಲಿ ಓ ನೆಗೆಟಿವ್ ಒಂದು, ಬಿ ನೆಗೆಟಿವ್ ಒಂದು ಚೀಲ ತಂದಿದ್ದರು. ಮೊದಲನೆಯದನ್ನು ಡಾಕ್ಟರು ಆ ಕ್ಷಣವೇ ಏರಿಸಿದರು. ಎರಡನೆಯದನ್ನು ರತ್ನಮ್ಮ ಪರೀಕ್ಷೆಗೆ ಹಚ್ಚಿದಳು. ಆ ಅರ್ಧ ಗಂಟೆ ವರಾಂಡದಲ್ಲಿ ಯಾರೂ ಕೂರಲಿಲ್ಲ. ಬಾಣಂತಿಯ ತಾಯಿ ನನ್ನ ಹತ್ತಿರ ಬಂದು, "ಯಾಕವ್ವ, ಆಕಿದ್ದ ರಕ್ತ ಯಾಕೆ ತಗುದ್ರು?" ಎಂದು ಕೇಳಿದಳು.

"ಅದು ಸರಿ ಇರ್ಲಿಲ್ಲ ಕಣಮ್ಮ" ಎಂದರು ಅವರು, ಮಂಡಿ ಹಿಡಿದುಕೊಂಡು. "ನಮ್ದೇ ತಪ್ಪು."

ಐದು ಗಂಟೆಯ ಹೊತ್ತಿಗೆ ರಕ್ತ ನಿಂತಿತು. ತಾಯಿ ಮಗು ಇಬ್ಬರೂ ಉಳಿದರು, ಹೆಣ್ಣು ಮಗು. ಆಟೋದವರು ಅದಕ್ಕೂ ಮೊದಲೇ ಕೊಣನೂರಿನಿಂದ ವಾಪಸ್ ಬಂದು, "ಕೊಡ್ಬೇಡಿ ಅಂದ್ರು ಕಣಕ್ಕ" ಎಂದು ಹೇಳಿ ಹೋಗಿದ್ದರು.

ಅವರು ನನ್ನನ್ನು ಶಾಖೆಗೆ ಕರೆದುಕೊಂಡು ಹೋಗಿ ರಿಜಿಸ್ಟರು ತೆರೆದು ಪೆನ್ನು ಕೊಟ್ಟರು. "ಅಳಿಸ್ಬೇಡ. ಒಂದೇ ಗೆರೆ ಎಳಿ, ಕೆಳಗಿರೋದು ಓದೋ ಅಂಗಿರ್ಲಿ. ಪಕ್ಕದಲ್ಲಿ ಏನಾಯ್ತೋ ಅದನ್ನ ಬರಿ." ನಾನು ಗೆರೆ ಎಳೆದು, ಈ ನಂಬರುಗಳನ್ನು ಯಾರೂ ಕೊಟ್ಟಿಲ್ಲ, ನಾನೇ ಹುಟ್ಟಿಸಿ ಹೇಳಿದ್ದು ಎಂದು ಬರೆದು ಸಹಿ ಹಾಕಿದೆ. ರತ್ನಮ್ಮ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದಳು.

ಹಾಸನಕ್ಕೆ ವಾಪಸ್ ಹೊರಟ ಕಾರು ಗೊರೂರು ದಾಟಿತು. ಶೆಟ್ಟಿಹಳ್ಳಿಯ ನೀರಿನಲ್ಲಿ ನಿಂತ ಚರ್ಚು ನೋಡಿ ಬಂದವರ ಕಾರುಗಳು ಸಾಲುಗಟ್ಟಿದ್ದವು. ಕೊನೆಗೆ ನಾನೇ ಕೇಳಿದೆ.

"ರೋಗಿ ಇದಾರೆ ಅಂತ ನಿಮಗೆ ಹೇಗೆ ಗೊತ್ತಾಯ್ತು ಸರ್?"

"ಗೊತ್ತಿರ್ಲಿಲ್ಲ. ಇಲ್ಲ ಅಂತಲೂ ಗೊತ್ತಿರ್ಲಿಲ್ಲ" ಅಂದರು. "ಕಾಲು ಗಂಟೆ ಅರಕಲಗೂಡು ಸದ್ದು ಮಾಡ್ಲಿಲ್ಲ. ಅಲ್ಲಿರೋ ಬಿ ನೆಗೆಟಿವ್ ಆ ಕೆಟ್ಟ ಚೀಲ ಒಂದೇ. ಅದಕ್ಕೇ ಒಂಟು ಬಂದೆ."

"ನಾನು ಅವಳು ಸಾಯ್ತಾಳೆ ಅಂದ್ಕೊಂಡೆ."

"ಸಾಯ್ತಿದ್ಲೇನೋ. ಅದಲ್ಲ ಕಣವ್ವ. ಗೊತ್ತಿಲ್ಲ ಅಂತ ಹೇಳಿ ಕೊಟ್ಟಿದ್ರೆ, ಡಾಕ್ಟರು ಯಾವುದು ಎಷ್ಟು ಅಪಾಯ ಅಂತ ತಾವೇ ತೂಗಿ ನೋಡೋರು. ನೀನು ಗೊತ್ತು ಅಂದ್ಬುಟ್ಟೆ. ಅವ್ರು ತೂಗೋಕೆ ಏನೂ ಉಳೀಲಿಲ್ಲ."

ಅದಕ್ಕಿಂತ ಅವರು ನನಗೆ ಒಂದು ಏಟು ಕೊಟ್ಟಿದ್ದರೆ ಹಗುರಾಗುತ್ತಿತ್ತು. ಅಳು ತಡೆಯಲಾಗಲಿಲ್ಲ. ಅವರು ಹೊರಗೆ ನೋಡುತ್ತಾ, "ಸುಳ್ಳು ನಂಬರು ಯಾವಾಗ್ಲೂ ಬೆಸ ಸಂಖ್ಯೆ ಆಗಿರ್ತದೆ, ನೋಡಿದೀಯಾ? ನಲವತ್ತೇಳು, ಎಂಬತ್ಮೂರು. ದಿಟ ಅನ್ನಿಸ್ಲಿ ಅಂತ ಮನಸ್ಸು ಅಂಥದ್ನೇ ಉಡುಕ್ತದೆ" ಅಂದರು. "ನಾನು ಅರವತ್ಮೂರು ಅಂದಿದ್ದೆ."

ನೌಕರಿಗೆ ಸೇರಿದ ಹೊಸತಂತೆ. ಸಣ್ಣ ಸ್ಟೇಷನ್ನು, ಮಧ್ಯಾಹ್ನದ ಬಿಸಿಲು. ಗೂಡ್ಸು ಗಾಡಿ ಬಂದು ನಿಂತು ಬಹಳ ಹೊತ್ತಾಗಿತ್ತು, ಡ್ರೈವರು ಬೈಯುತ್ತಿದ್ದ. ಮುಂದಿನ ಸ್ಟೇಷನ್ನಿನ ಫೋನು ಬರೀ ಗೊರಗೊರ. ಆ ಕಡೆಯವರು ಏನೋ ಅಂದದ್ದು ಕೇಳಿಸಿತು, ನಂಬರು ಕೇಳಿಸಲಿಲ್ಲ. ಇನ್ನೊಮ್ಮೆ ಕೇಳುವ ವ್ಯವಧಾನವಿಲ್ಲದೆ ರಿಜಿಸ್ಟರಿನಲ್ಲಿ ಅರವತ್ತಮೂರು ಎಂದು ಬರೆದು ಗಾಡಿ ಬಿಟ್ಟರು. ಬಿಟ್ಟ ಮೇಲೆ ಪ್ಲಾಟ್‌ಫಾರ್ಮಿನ ಕೊನೆಗೆ ಹೋಗಿ, ಆ ಕಡೆಯಿಂದ ಏನಾದರೂ ಸದ್ದು ಬರುತ್ತದೋ ಎಂದು ಇಪ್ಪತ್ತು ನಿಮಿಷ ಕಿವಿಗೊಟ್ಟು ನಿಂತಿದ್ದರಂತೆ.

"ಏನಾಯ್ತು ಸರ್?"

"ಏನೂ ಆಗ್ಲಿಲ್ಲ. ಗಾಡಿ ಸುಖವಾಗಿ ಓಯ್ತು. ಯಾರಿಗೂ ತಿಳೀಲಿಲ್ಲ. ಏನಾದ್ರೂ ಆಗಿದ್ರೆ ಶಿಕ್ಷೆ ಆಗಿ ಮುಗುದೋಗಿರೋದು. ಏನೂ ಆಗ್ಲಿಲ್ವಲ್ಲ, ಅದಕ್ಕೇ ಮುಗೀಲಿಲ್ಲ."

ಮಾರನೆಯ ಬೆಳಿಗ್ಗೆ ಅವರು ಹಿಂದೆ ನಿಂತಿರುವಾಗಲೇ ಕಳ್ಳ ಬಾಗಿಲನ್ನು ಪ್ರೋಗ್ರಾಮಿನಿಂದ ಕಿತ್ತು ಹಾಕಿದೆ. "ಏನು ಮಾಡ್ದೆ, ವಾಪಸ್ ಹೇಳು" ಅಂದರು. ಹೇಳಿದೆ. ನನ್ನನ್ನು ಕೆಲಸದಿಂದ ತೆಗೆಯುತ್ತಾರೆ ಎಂದು ಎಷ್ಟೋ ದಿನ ಕಾದೆ. ನಾನು ಬರೆದ ಪುಟವನ್ನು ಟ್ರಸ್ಟಿನವರಿಗೆ ಅವರೇ ತೋರಿಸಿದರು, ಅವರೇ ನನ್ನ ಪಕ್ಕದಲ್ಲಿ ನಿಂತರು. ಆಮೇಲೆ ಆ ಮಾತನ್ನು ಎತ್ತಲಿಲ್ಲ. ರೈಲಿನ ಕಥೆಯನ್ನು ನಾನೂ ಯಾರಿಗೂ ಹೇಳಲಿಲ್ಲ. ನನ್ನೊಬ್ಬಳಿಗೆ ಕೊಟ್ಟ ಗುಟ್ಟು ಎಂದು ಇಟ್ಟುಕೊಂಡಿದ್ದೆ.

ಕೊಣನೂರಿನಲ್ಲಿ ಅವರ ಮನೆಯ ಮುಂದೆ ತುಂಬ ಜನ ಸೇರಿರಲಿಲ್ಲ. ನಾವು ನಾಲ್ಕು ಊರಿನವರು ಎದುರು ಮನೆಯ ಜಗಲಿಯ ಮೇಲೆ ಕೂತಿದ್ದೆವು. ಅಳು ಮುಗಿದು ಮಾತೂ ಮುಗಿದ ಹೊತ್ತು. ರತ್ನಮ್ಮ ನನ್ನ ಕಡೆ ತಿರುಗಿದಳು.

"ಒಂದು ಮಾತು ಯೋಳ್ತೀನಿ, ಬೇಜಾರು ಮಾಡ್ಕಬೇಡಿ. ಅವತ್ತು ನಿಮ್ಮ ನಂಬರು ಸುಳ್ಳು ಅಂತ ನಂಗೆ ಅನುಮಾನ ಇತ್ತು. ಆದ್ರೂ ಬರ್ಕೊಂಡೆ. ಆ ವಾರ ಎಲ್ಲ ಅನ್ನ ಸೇರ್ಲಿಲ್ಲ. ಮಾಸ್ಟ್ರು ಬಂದು ಪಕ್ಕದಲ್ಲಿ ಕೂತ್ಕೊಂಡು, ಅವ್ರದ್ದೇ ಒಂದು ಗೂಡ್ಸು ಗಾಡಿ ಕಥೆ ಯೋಳಿದ್ರು."

ಪುಟ್ಟಸ್ವಾಮಿ ತಲೆ ಎತ್ತಿದ. "ಫೋನಾಗೆ ನಂಬರು ಕೇಳಿಸ್ದೇ ಗಾಡಿ ಬಿಟ್ಟಿದ್ದಾ?"

"ನಿಂಗೂ ಯೋಳಿದ್ರಾ?"

"ಆ ಎಬಿ ನೆಗೆಟಿವ್ ಚೀಲ ಕೊಟ್ಟು ಕೆಟ್ಟ ದಿನ. ಹೊಳೆ ಸೇತುವೆ ಮೇಲೆ ನಿಂತು ಯೋಳಿದ್ರು. ನಂಗೊಬ್ಬಂಗೇ ಅಂದ್ಕೊಂಡಿದ್ದೆ."

"ನಂಗೆ ಏನೂ ಯೋಳ್ಲಿಲ್ಲ" ಅಂದ ನಾಗರಾಜ.

"ನೀನು ತಪ್ಪೇ ಮಾಡಿಲ್ವಲ್ಲಲಾ" ಅಂದ ಪುಟ್ಟಸ್ವಾಮಿ.

ನಮಗೆ ನಗು ಬಂತು, ಸಾವಿನ ಮನೆಯ ಮುಂದೆ ಎಂದು ಅದನ್ನು ನುಂಗಿಕೊಂಡೆವು. ಯಾರಿಗೂ ತಿಳಿಯದೇ ಹೋಯಿತು ಎಂದು ಆಯುಷ್ಯವಿಡೀ ಕೊರಗಿದ ತಪ್ಪನ್ನು ಅವರು ಸುಮ್ಮನೆ ಹೊತ್ತುಕೊಂಡು ಹೋಗಿರಲಿಲ್ಲ. ನಾಲ್ಕು ಊರಿನಲ್ಲಿ ಮೂರು ಊರಿಗೆ ಹೇಳಿ ಹೋಗಿದ್ದರು.

"ಯಾವ ನಂಬರು ಅಂದಿದ್ರು?" ಎಂದು ಕೇಳಿದೆ.

ಇಬ್ಬರೂ ಒಟ್ಟಿಗೇ ಹೇಳಿದರು. ಆಮೇಲೆ ರತ್ನಮ್ಮ, ರಿಜಿಸ್ಟರಿನ ಮುಂದೆ ಕೂತವಳ ಹಾಗೆ ನನ್ನ ಮುಖವನ್ನೇ ನೋಡುತ್ತಾ, ವಾಪಸ್ ಕೇಳಿದಳು.

"ಅರವತ್ಮೂರು. ಸರಿನಾ ಮೇಡಂ?"

"ಸರಿ" ಎಂದೆ.